ಹದಿನಾಲ್ಕು ಅಡಿಯ ಬಿದಿರು

ಈ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮೂರ ಹೆದ್ದಾರಿಯ ಬದಿಗೆ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಮೌಲಾಸಾಬ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುತ್ತಾ ಹೇಳಿದ. ಅವನಿಗೆ ಹೇಳಿದವರು ಯಾರೋ ಲಾರಿಯವರು. ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಅವನು ಹೇಳಿದಂತೆಯೇ ಹೇಳುತ್ತೇನೆ.

ಕೃಷ್ಣೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠವೆಂದರೆ ಮಣ್ಣಿನ ಗೋಡೆಯ ಎರಡು ಖೋಲಿ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಒಂದು ಬಿಲ್ವದ ಮರ. ಅಲ್ಲಿ ಪಡದಯ್ಯಜ್ಜ ಇದ್ದರು.

ಅವರ ಶಿಷ್ಯ ಯಮನಪ್ಪ. ಕ್ವಾರಿಯಿಂದ ಬಂದರಿಗೆ ಕಲ್ಲು ಸಾಗಿಸುವ ಟ್ರೇಲರ್ ಲಾರಿಯ ಡ್ರೈವರ್. ಬದಿಗೆ ಹಲಗೆಗಳಿಲ್ಲದ, ಬೆನ್ನು ಬಯಲಾದ, ಉದ್ದನೆಯ ಗಾಡಿ.

"ನಿನ್ನ ಹೆಸರು ಕೇಳಿದ್ರ ಎದುರಿನ ಗಾಡಿ ತಾವ ದಾರಿ ಬಿಡ್ತಾವೋ" ಎಂದು ಅಜ್ಜ ನಗುತ್ತಿದ್ದರು.

ಹನ್ನೆರಡು ವರ್ಷ ಒಂದೇ ರೀತಿ ನಡೆದಿತ್ತು. ಬಂದರಿನಲ್ಲಿ ಕಲ್ಲು ಇಳಿಸಿ ಖಾಲಿ ಬರುವಾಗ ಯಮನಪ್ಪ ಹೆದ್ದಾರಿ ಬಿಟ್ಟು ಹೊರಳುತ್ತಿದ್ದ. ಹಳ್ಳದ ಸೇತುವೆ ದಾಟಿ, ಊರ ಓಣಿ ಹಾಯ್ದು, ಮಠದ ಮುಂದೆ ಗಾಡಿ ನಿಲ್ಲಿಸುತ್ತಿದ್ದ. ಇಂಜಿನ್ ಮಾತ್ರ ಬಂದ್ ಮಾಡುತ್ತಿರಲಿಲ್ಲ.

ಮೊದಲ ವರ್ಷಗಳಲ್ಲಿ ಅವನ ಗಾಡಿಯ ಸೆಲ್ಫ್ ಕೆಟ್ಟಿತ್ತು. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗಲು ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಕಿತ್ತು.

ಇಳಿದು ಬಂದು ಅಜ್ಜನ ಪಾದ ಮುಟ್ಟುತ್ತಿದ್ದ. ಅಜ್ಜ ಅವನ ಹಣೆಗೆ ವಿಭೂತಿ ಹಚ್ಚಿ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ ತಂದು ಬಿಡಿಸುತ್ತಿದ್ದರು.

"ಕುಂದ್ರು, ಯಮನಪ್ಪಾ."

"ಮುಂದಿನ ಸಲ ಕುಂದ್ರತೀನ್ರಿ ಅಜ್ಜಾರ. ಗಾಡಿ ಚಾಲೂ ಐತಿ."

ಅವನು ಹೋದ ಮೇಲೆ ಅಜ್ಜ ಚಾಪೆ ಸುತ್ತಿ ಮತ್ತೆ ಮೂಲೆಗೆ ಇಡುತ್ತಿದ್ದರು. ಬೇರೆಯವರಿಗೆ ಬೇರೆ ಚಾಪೆ ಇತ್ತು. ಅದು ಹರಿದು ಹರಿದು ಮೂರು ಸಲ ಹೊಸದಾಯಿತು. ಯಮನಪ್ಪನ ಚಾಪೆ ಕೊಂಡು ತಂದ ದಿನ ಹೇಗಿತ್ತೋ ಹಾಗೇ ಇತ್ತು.

ದಾರಿಯಲ್ಲಿ ಆ ಒಂದು ಮಾತು ಅವನ ಬೆನ್ನು ಬಿಡುತ್ತಿರಲಿಲ್ಲ. ಘಾಟಿನ ತಿರುವಿನಲ್ಲಿ ಗೇರು ಇಳಿಸುವಾಗ, ಟೋಲಿನ ಸಾಲಿನಲ್ಲಿ, ಡಾಬಾದ ಹೊರಸಿನ ಮೇಲೆ ಬೆನ್ನು ಚಾಚಿದಾಗ ಕಿವಿಯಲ್ಲಿ ಅದೇ ಮಾತು. ಕುಂದ್ರು, ಯಮನಪ್ಪಾ. ಬಂದರಿನ ಗೇಟಿನ ಮುಂದೆ ಸರದಿಗಾಗಿ ಎರಡೆರಡು ದಿನ ಕೂತಿರುತ್ತಿದ್ದ. ಹೇಗೂ ಕೂರುವುದೇ ಆದರೆ ಮಠದಲ್ಲಿ ಕೂತಿದ್ದರೆ ಆಗುತ್ತಿತ್ತಲ್ಲ ಎಂದು ಅನ್ನಿಸುತ್ತಿತ್ತು. ಮುಂದಿನ ಸಲ ಖಂಡಿತ ಎಂದುಕೊಳ್ಳುತ್ತಿದ್ದ.

ಆ ಬೇಸಿಗೆ, ಬಂದರಿನಲ್ಲಿ, ಇನ್ನೊಬ್ಬ ಡ್ರೈವರ್ ಹೇಳಿದ.

"ನಿಮ್ಮ ಅಜ್ಜಾರು ಅನ್ನ ಬಿಟ್ಟಾರಂತ ಮಾರಾಯ. ಬರೇ ಗಂಜಿ. ಈ ಸಲದ ಮಳಿ ನೋಡೂದಿಲ್ಲ ಅಂತ ತಾವ ಹೇಳ್ಯಾರಂತ."

ಯಮನಪ್ಪ ಕೈಯಲ್ಲಿದ್ದ ಚಹಾ ಚೆಲ್ಲಿ ಗಾಡಿ ಹತ್ತಿದ.

ಆದರೆ ಅವನು ನೇರ ಮಠಕ್ಕೆ ಬರಲಿಲ್ಲ. ಮೊದಲು ಕ್ವಾರಿಗೆ ಹೋದ. ಮರುದಿನ ಮಠಕ್ಕೆ ಬಂದಾಗ ಮುಂಜಾನೆಯ ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ಅಜ್ಜ ಗೋಡೆಗೆ ಒರಗಿ ಕೂತಿದ್ದರು. ಮೈ ಇಳಿದು ಕಾವಿ ಬಟ್ಟೆಯೇ ಹೆಚ್ಚು ಕಾಣುತ್ತಿತ್ತು. ಕಣ್ಣು ಮಾತ್ರ ಹಾಗೇ ಇದ್ದವು.

ಯಮನಪ್ಪ ಪಾದ ಮುಟ್ಟಿದ. ಅಜ್ಜ ವಿಭೂತಿ ಹಚ್ಚಿದರು. ಎದ್ದು ಚಾಪೆ ತರಲು ಅವರಿಗೆ ಆಗಲಿಲ್ಲ. ಮೂಲೆಯ ಕಡೆ ಕೈ ತೋರಿಸಿದರು.

"ಕುಂದ್ರು."

"ಕುಂದ್ರತೀನ್ರಿ. ಮೊದಲ ಒಂದು ಮಾತು ಕೇಳ್ರಿ ಅಜ್ಜಾರ. ಒಂದು ಕಲ್ಲು ನೋಡೀನಿ."

"ನೀ ದಿನಾ ನೋಡೂದು ಕಲ್ಲ ಅಲ್ಲೇನೋ?"

"ಇದು ಹಂತಾದ್ದಲ್ರಿ. ಕೆಂಪು ಕಲ್ಲು. ಹದಿನಾಲ್ಕು ಅಡಿ ಅಗಲ, ಅಷ್ಟ ಉದ್ದ, ಮೂರಡಿ ದಪ್ಪ. ಒಂದು ಸೀಳಿಲ್ಲ, ಒಂದು ಚುಕ್ಕಿ ಇಲ್ಲ. ಮುಂಜಾನಿ ಬಿಸಿಲು ಬಿದ್ರ ಒಳಗ ದೀಪಾ ಹಚ್ಚಿದಂಗ ಕಾಣ್ತೈತಿ. ಕ್ವಾರಿ ಸಾವ್ಕಾರ ಸೇವಾ ಅಂತ ಕೊಟ್ಟಾನ."

"ಯಾಕಂತ?"

"ಗದ್ದಿಗಿಗೆ."

"ಯಾರ ಗದ್ದಿಗಿಗೆ?"

ಯಮನಪ್ಪ ತಲೆ ತಗ್ಗಿಸಿದ. ಅಜ್ಜ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದರು.

"ನಾ ಇನ್ನೂ ಇಲ್ಲೇ ಅದೀನಲ್ಲೋ."

"ನಾಳೆ ಮುಂಜಾನಿ ಕ್ರೇನ್ ಬರ್ತೈತ್ರಿ ಅಜ್ಜಾರ. ಕಲ್ಲು ನನ್ನ ಗಾಡಿಗಿಂತ ಆ ಕಡಿ ಮೂರಡಿ, ಈ ಕಡಿ ಮೂರಡಿ ಹೊರಗ ಬರ್ತೈತಿ. ಭಾರಾನೂ ಗಾಡಿ ಮೀರಿದ್ದು. ಆದ್ರ ತರ್ತೀನಿ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡದೀನಿ. ಹೇರಲೋ ಬ್ಯಾಡೋ, ನೀವೊಂದು ಮಾತು ಹೇಳ್ರಿ."

"ಹೇರೂವವ ನೀ. ನಾ ಏನು ಹೇಳ್ಲಿ?"

ಅಜ್ಜ ಹಿತ್ತಲ ಕಡೆ ಬೆರಳು ಮಾಡಿದರು.

"ಹಿಂದ ಬಿದಿರು ಬಿದ್ದಾವ. ಕಲ್ಲಿನ ಅಗಲಕ್ಕ ಸರಿಯಾಗಿ ಒಂದು ಕೊಯ್ಕೊ. ಗಾಡಿಗೆ ಅಡ್ಡ ಕಟ್ಟು. ಹೆದ್ದಾರಿ ಮಟ ಹೋಗಿ ಹೊಳ್ಳಿ ಬಾ. ಅದು ಎಲ್ಲೆಲ್ಲಿ ಬಡೀತೈತೋ ನೋಡ್ಕೊಂಡು ಬಾ."

ಯಮನಪ್ಪ ಹೊರಟ. ಅಜ್ಜ ಮತ್ತೆ ಕರೆದರು. ಸೊಂಟದ ಚೀಲ ತಡಕಿ ಸುಣ್ಣದ ಡಬ್ಬಿ ತೆಗೆದು ಕೊಟ್ಟರು.

"ಇದೂ ಒಯ್ಯಿ."

"ಇದ್ಯಾಕ್ರಿ? ನಾ ಎಲಿ ಹಾಕೂದಿಲ್ಲ."

"ನಿನಗಲ್ಲ" ಎಂದರು ಅಜ್ಜ.

ಬಿದಿರು ಕೊಯ್ದು, ಗಾಡಿಯ ಬೆನ್ನಿಗೆ ಅಡ್ಡಲಾಗಿ ಕಟ್ಟಿ, ಎರಡೂ ತುದಿಗೆ ಕೆಂಪು ಬಟ್ಟೆಯ ಚೂರು ಬಿಗಿದು ಯಮನಪ್ಪ ಓಣಿಗೆ ಇಳಿದ. ನಡೆಯುವ ವೇಗದಲ್ಲಿ ಗಾಡಿ ಬಿಟ್ಟ.

ಮೊದಲು ಬಡಿದದ್ದು ತಿಪ್ಪವ್ವನ ಮನೆಯ ಕಟ್ಟೆಗೆ. ಅವಳು ಅಲ್ಲೇ ಕೂತು ಮಠದ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು.

"ಏ ಯಮನಪ್ಪಾ! ಕಣ್ಣು ಬಂದರದಾಗ ಇಟ್ಟು ಬಂದೀಯೇನೋ? ನಿನ್ನ ಕೋಲು ನನ್ನ ಕಟ್ಟಿ ಮ್ಯಾಲ ಬಂತಲ್ಲೋ!"

ಯಮನಪ್ಪ ಇಳಿದು ಬಂದು ಹೇಳಿದ. "ಅಜ್ಜಾರ ಗದ್ದಿಗಿಗೆ ಕಲ್ಲು ತರೂದೈತಿ ಯವ್ವಾ. ಕಟ್ಟಿ ಒಡೀಬೇಕಾಗ್ತೈತಿ."

ತಿಪ್ಪವ್ವ ಬತ್ತಿಗಳನ್ನು ಒಂದೊಂದಾಗಿ ಎತ್ತಿ ಉಡಿಯಲ್ಲಿ ಹಾಕಿಕೊಂಡಳು. ಕಟ್ಟೆಯ ಅಂಚನ್ನು ಅಂಗೈಯಿಂದ ಒಂದು ಸಲ ಸವರಿದಳು.

"ಒಡಿ. ನನ್ನ ಗಂಡ ಕಟ್ಟಿದ್ದು. ಅವ ಇದ್ದಿದ್ರ ತಾನ ಕಬ್ಬಿಣದ ಹಾರಿ ತಂದು ಒಡೀತಿದ್ದ."

ಅವಳು ಎದ್ದು ಒಳಗೆ ಹೋದಳು. ಯಮನಪ್ಪ ಗಾಡಿ ಹತ್ತಿದ.

ಮುಂದೆ ಹಿಟ್ಟಿನ ಗಿರಣಿ. ಅದರ ಮುಂದಿನ ತಗಡಿನ ಛಪ್ಪರಕ್ಕೆ ಬಿದಿರು ಬಡಿದು ಟಣ್ ಎಂದಿತು. ರೆಪ್ಪೆಯವರೆಗೂ ಹಿಟ್ಟಾದ ಶೇಖಪ್ಪ ಹೊರಗೆ ಬಂದ. ವಿಷಯ ಕೇಳಿದ.

"ಛಪ್ಪರ ಹೋದ್ರ ಹೋಗ್ಲಿ ಬಿಡು, ಅಜ್ಜಾರ ಕೆಲಸಕ್ಕ. ಆದ್ರ ಬೀಸಾಕ ಬಂದ ಹೆಣ್ಮಕ್ಕಳು ಬಿಸಿಲಾಗ ನಿಂತು ನನಗ ಬೈತಾರ. ಅವರನ್ನೆಲ್ಲಾ ನಿನ್ನ ಕಡಿ ಕಳಸ್ತೀನಿ. ನಿಂತು ಬೈಸ್ಕೋಬೇಕು ಮತ್ತ!"

ಹೀಗೆ ಬಿದಿರು ಬಡಿದ ಮನೆಯವರೆಲ್ಲ ಹೂಂ ಅಂದರು. ಒಬ್ಬರೂ ಬೇಡ ಅನ್ನಲಿಲ್ಲ. ಯಮನಪ್ಪನಿಗೆ ಕಣ್ಣು ತುಂಬಿ ಬಂತು. ಕಲ್ಲು ಬಂದೇ ಬಿಟ್ಟಿತು ಅನ್ನಿಸಿತು.

ಓಣಿ ಮುಗಿದ ಮೇಲೆ ಹಳ್ಳ. ಹಳ್ಳದ ಮೇಲೆ ಹಳೆಯ ಕಲ್ಲಿನ ಸೇತುವೆ. ಊರಿನ ಮೂರು ದಿಕ್ಕಿಗೆ ಹೊಳೆ, ನಾಲ್ಕನೆಯ ದಿಕ್ಕಿಗೆ ಈ ಸೇತುವೆ. ಶಾಲೆಗೆ ಹೋಗುವವರು, ಸಂತೆಗೆ ಹೋಗುವವರು, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಒಯ್ಯುವವರು, ಎಲ್ಲರೂ ಇದನ್ನೇ ದಾಟಬೇಕು.

ಸೇತುವೆ ಅಗಲವಾಗಿತ್ತು, ಗೋಡೆ ಗಿಡ್ಡವಾಗಿತ್ತು. ಬಿದಿರು ಎಲ್ಲಿಯೂ ಬಡಿಯಲಿಲ್ಲ.

ಆದರೂ ಯಮನಪ್ಪ ಗಾಡಿ ನಿಲ್ಲಿಸಿದ. ಕಿಸೆಯಲ್ಲಿ ಸುಣ್ಣದ ಡಬ್ಬಿ ಒತ್ತುತ್ತಿತ್ತು.

ಹಳ್ಳ ಒಣಗಿತ್ತು. ಕೆಳಗೆ ಇಳಿದು ನೋಡಿದ. ನಡುವಿನ ಕಂಬದ ಮೈಮೇಲೆ, ಮೇಲಿನಿಂದ ಕೆಳಗಿನವರೆಗೆ, ಒಂದು ಬಿರುಕು. ಹನ್ನೆರಡು ವರ್ಷ ಅದರ ಮೇಲೆಯೇ ಓಡಾಡಿದ್ದ, ಒಂದು ದಿನವೂ ಇಳಿದು ನೋಡಿರಲಿಲ್ಲ.

ಆಗ ಅವನಿಗೆ ಡಬ್ಬಿ ಯಾಕೆ ಎಂದು ತಿಳಿಯಿತು. ಕ್ವಾರಿಯಲ್ಲಿ ಹಳೆಯ ಕಲ್ಲುಕುಟಿಗರು ಬಿರಿದ ಬಂಡೆಗೆ ಹೀಗೇ ಮಾಡುತ್ತಿದ್ದರು. ಬಿರುಕಿನ ಮೇಲೆ ಅಡ್ಡಲಾಗಿ ಸುಣ್ಣ ಹಚ್ಚಿ ಒಣಗಲು ಬಿಡುವುದು. ಬಂಡೆ ಸುಮ್ಮನಿದ್ದರೆ ಸುಣ್ಣವೂ ಸುಮ್ಮನಿರುತ್ತದೆ. ಬಂಡೆ ಅಲುಗಿದರೆ ಸುಣ್ಣ ಬಿರಿಯುತ್ತದೆ.

ಹೆಬ್ಬೆರಳಿನಿಂದ ಸುಣ್ಣ ತೆಗೆದು ಬಿರುಕಿನ ಮೇಲೆ ಪಟ್ಟಿ ಎಳೆದ. ಬಿಸಿಲಿಗೆ ಅದು ಒಣಗಿ ಬೆಳ್ಳಗಾಗುವ ತನಕ ಗಾಡಿಯ ನೆರಳಿನಲ್ಲಿ ಕಾದ. ಆಮೇಲೆ ಸೇತುವೆ ದಾಟಿ ಹೆದ್ದಾರಿಗೆ ಹೋದ. ಅಲ್ಲಿ ಗಾಡಿ ಹೊರಳಿಸಿ, ಮತ್ತೆ ಸೇತುವೆ ದಾಟಿ ಈಚೆ ನಿಲ್ಲಿಸಿ, ಕೆಳಗೆ ಇಳಿದ.

ಸುಣ್ಣದ ಪಟ್ಟಿಯ ನಡುವೆ ಒಂದು ಗೆರೆ ಬಿದ್ದಿತ್ತು. ಕೂದಲೆಳೆಯಷ್ಟು.

ಖಾಲಿ ಗಾಡಿಗೇ ಇಷ್ಟು.

ಯಮನಪ್ಪನ ಕಣ್ಣ ಮುಂದೆ ಕೆಂಪು ಕಲ್ಲು ಬಂತು. ಬಿಲ್ವದ ಕೆಳಗೆ ಅದು ಕೂತಿರುವುದು ಕಂಡಿತು. ಮುಂಜಾನೆಯ ಬಿಸಿಲು, ಅದರೊಳಗಿನ ಬೆಳಕು. ಒಂದೇ ಸಲವಲ್ಲವೇ ದಾಟುವುದು, ಎಂದುಕೊಂಡ. ಮೆಲ್ಲಗೆ ದಾಟಿದರೆ, ಬೆಳಗಿನ ಜಾವ ಯಾರೂ ಇಲ್ಲದಾಗ ದಾಟಿದರೆ, ಎಂದುಕೊಂಡ.

ಹೆಬ್ಬೆರಳಿನಿಂದ ಸುಣ್ಣ ಒರೆಸಿಬಿಟ್ಟ.

ಮಠಕ್ಕೆ ಬಂದಾಗ ಸಂಜೆಯಾಗುತ್ತಿತ್ತು. ಗಾಡಿಯಿಂದ ಬಿದಿರು ಬಿಚ್ಚಿ ಹೆಗಲ ಮೇಲೆ ಹೊತ್ತು ತಂದು ಪಡಸಾಲೆಯಲ್ಲಿ ಇಟ್ಟ. ಡಬ್ಬಿಯನ್ನು ಅಜ್ಜನ ಮುಂದೆ ಇಟ್ಟ.

"ಎಲ್ಲೆಲ್ಲಿ ಬಡೀತು?"

"ತಿಪ್ಪವ್ವನ ಕಟ್ಟಿಗೆ. ಗಿರಣಿ ಛಪ್ಪರಕ್ಕ. ಇನ್ನೂ ಒಂದೆರಡು ಕಡಿ. ಎಲ್ಲಾರೂ ಹೂಂ ಅಂದ್ರು ಅಜ್ಜಾರ. ಒಬ್ಬರೂ ಒಲ್ಲೆ ಅನ್ನಲಿಲ್ಲ."

"ಸೇತುವಿ ಏನಂತು?"

"ಅಲ್ಲಿ ಬಡೀಲಿಲ್ರಿ."

"ಬಡಿದದ್ದು ಕೇಳಲಿಲ್ಲ. ಏನಂತು ಅಂದೆ."

"ಏನೂ ಅನ್ನಲಿಲ್ರಿ."

ಅಜ್ಜ ಕೈ ಚಾಚಿದರು. ಆಶೀರ್ವಾದಕ್ಕೆಂದು ಯಮನಪ್ಪ ಬಾಗಿದ. ಅಜ್ಜ ಅವನ ಬಲಗೈ ಹಿಡಿದು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದರು. ಉಗುರಿನ ಸಂದಿಯಲ್ಲಿ ಬಿಳಿ ಇತ್ತು.

"ಸುಣ್ಣ ಸುಡ್ತೈತಿ ತಮ್ಮಾ. ತೊಳ್ಕೊಂಡು ಬಾ."

ಯಮನಪ್ಪ ಹಂಡೆಯ ಹತ್ತಿರ ಹೋಗಿ ಕೈ ತೊಳೆದ. ಇನ್ನೊಮ್ಮೆ ತೊಳೆದ. ಬಂದಾಗ ಅಜ್ಜ ಗೋಡೆಯ ಆಸರೆ ಬಿಟ್ಟು ನಡುವೆ ಬಂದು, ಚಕ್ಕಳಮಕ್ಕಳ ಹಾಕಿ, ಬೆನ್ನು ನೇರ ಮಾಡಿ ಕೂತಿದ್ದರು. ಅಷ್ಟಕ್ಕೇ ಅವರಿಗೆ ಏದುಸಿರು ಬಂದಿತ್ತು.

"ಆ ಬಿದಿರು ತಗೋ. ನನ್ನ ಅಳತಿ ಮಾಡು."

"ಅಜ್ಜಾರ..."

"ಅಳತಿ ಮಾಡೋ. ನಾವು ಮಲಗಿ ಹೋಗೂ ಮಂದಿ ಅಲ್ಲ, ಕುಂತು ಹೋಗೂ ಮಂದಿ. ಹಿಂಗ ಕುಂದ್ರಿಸಿ ಮಣ್ಣು ಕೊಡ್ತಾರ. ನನಗ ಎಷ್ಟು ಜಾಗ ಬೇಕಾಗ್ತೈತಿ ನೋಡಿ ಹೇಳು."

ಯಮನಪ್ಪ ಬಿದಿರನ್ನು ಅಜ್ಜನ ಮುಂದೆ ನೆಲಕ್ಕೆ ಇಟ್ಟ. ಒಂದು ತುದಿಯನ್ನು ಎಡ ಮೊಣಕಾಲಿಗೆ ಹೊಂದಿಸಿದ. ಬಲ ಮೊಣಕಾಲು ಬಂದಲ್ಲಿ ಬೆರಳಿಟ್ಟ.

"ಎಷ್ಟಾತು?"

"ಎರಡೂವರಿ ಅಡಿ ಆದೀತ್ರಿ."

ಬಿದಿರು ಅಲ್ಲಿಂದ ಮುಂದೆ ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಅಂಗಳಕ್ಕೆ ಚಾಚಿಕೊಂಡಿತ್ತು. ಅಜ್ಜ ಅದರ ಗುಂಟ ಕಣ್ಣು ಹಾಯಿಸಿದರು.

"ಉಳಿದದ್ದು ಯಾರದು?"

ಯಮನಪ್ಪ ಬಿದಿರಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ.

"ನಂದ್ರಿ ಅಜ್ಜಾರ."

ಅಜ್ಜ ಅವನ ಕಡೆ ತಿರುಗಿದರು.

"ಹನ್ನೆರಡು ವರ್ಷ ನೀವು ಕುಂದ್ರು ಅಂದ್ರಿ. ನಾ ಒಂದು ದಿನಾನೂ ಕುಂದ್ರಲಿಲ್ಲ. ಈಗ ನೀವು ಹೊಂಟೀರಿ. ನನ್ನ ಬದಲಿ ಆ ಕಲ್ಲಾದ್ರೂ ನಿಮ್ಮ ಹತ್ರ ಕುಂತಿರ್ಲಿ ಅಂದೆ. ನನಗಿಂತಾ ಭಾರ ಇರ್ಲಿ, ಯಾರೂ ಎಬ್ಬಿಸಿ ಕಳಿಸಬಾರದು, ಹಂಗ ಇರ್ಲಿ ಅಂದೆ. ಸುಣ್ಣ ಬಿರೀತ್ರಿ. ಖಾಲಿ ಗಾಡಿಗೇ ಬಿರೀತು. ನಾ ಒರಸಿ ಬಂದೆ."

ಮುಖ ಮುಚ್ಚಿಕೊಂಡು ಅತ್ತ. ಅಜ್ಜ ಅಳಲು ಬಿಟ್ಟರು. ಹೊಳೆಯ ಮೇಲಿನಿಂದ ಗಾಳಿ ಬಂತು. ಬಿಲ್ವದ ಎಲೆ ಅಲುಗಿತು. ಅಳು ತಗ್ಗಿದ ಮೇಲೆ ಅಜ್ಜ ಕಿವಿಗೊಟ್ಟು ಕೇಳಿದರು.

"ಅದೇನು ಸಪ್ಪಳ?"

"ಎಲ್ಲಿ?"

"ಅಂಗಳದಾಚಿ. ಗುರ್ ಅಂತೈತಲ್ಲ."

"ನನ್ನ ಗಾಡೀರಿ. ಚಾಲೂ ಐತಿ."

"ಸೆಲ್ಫ್ ಇನ್ನೂ ಕೆಟ್ಟೈತೇನು?"

ಯಮನಪ್ಪ ಗಾಡಿಯ ಕಡೆ ತಿರುಗಿ ನೋಡಿದ.

"ಇಲ್ರಿ. ರಿಪೇರಿ ಮಾಡಿಸಿ ಏಳು ವರ್ಷಾತು."

"ಹೌದೇನು?" ಎಂದರು ಅಜ್ಜ, ಆಗ ತಾನೇ ಕೇಳಿದವರಂತೆ.

ಯಮನಪ್ಪ ಎದ್ದ. ಅಂಗಳ ದಾಟಿ ಹೋಗಿ ಗಾಡಿಯ ಬಾಗಿಲು ತೆಗೆದು ಕೀಲಿ ತಿರುಗಿಸಿದ. ಇಂಜಿನ್ ಒಂದು ಸಲ ಜಗ್ಗಿ ನಿಂತಿತು. ಅಷ್ಟು ವರ್ಷ ಆ ಅಂಗಳದಲ್ಲಿ ಹೊಳೆಯ ಸದ್ದು ಇತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಈಗ ಕೇಳಿಸಿತು.

ಅಲ್ಲಿಯೇ ನಿಂತು ಕ್ವಾರಿಗೆ ಫೋನ್ ಮಾಡಿದ.

"ನಾಳೆ ಕ್ರೇನ್ ಬ್ಯಾಡ್ರಿ ಸಾವ್ಕಾರ್ರ."

"ಯಾಕೋ? ಯಾವಾಗ ಹೇರ್ತಿ ಮತ್ತ?"

"ಇಲ್ರಿ. ಹೇರೂದಿಲ್ಲ."

ಒಳಗೆ ಬಂದು ಮೂಲೆಯ ಚಾಪೆ ತಾನೇ ತಂದು ಬಿಡಿಸಿದ. ಹನ್ನೆರಡು ವರ್ಷ ಸುತ್ತಿಟ್ಟ ಚಾಪೆ ನೆಲಕ್ಕೆ ಸಪಾಟಾಗಿ ಕೂರಲಿಲ್ಲ, ಎರಡೂ ಅಂಚು ಸುರುಳಿಯಾಗಿ ಎದ್ದವು. ಒಂದು ಅಂಚನ್ನು ಕಾಲಿನಿಂದ ಒತ್ತಿ ಕೂತ. ಇನ್ನೊಂದು ಅಂಚಿನ ಮೇಲೆ ಅಜ್ಜ ಅಂಗೈ ಇಟ್ಟರು.

ತಿಪ್ಪವ್ವ ಬತ್ತಿ ತಂದು ದೀಪ ಹಚ್ಚಿದಳು. ಯಮನಪ್ಪ ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಯ್ಯ, ಗಾಡಿ ಕೆಟ್ಟು ನಿಂತೈತೇನೋ ಯಮನಪ್ಪಾ?"

"ಇಲ್ಲ ಯವ್ವಾ. ನಿಲ್ಲಿಸೀನಿ."

ಯಮನಪ್ಪ ನಾಲ್ಕು ದಿನ ಅಲ್ಲಿದ್ದ. ಅಜ್ಜ ಹೆಚ್ಚೇನೂ ಮಾತಾಡಲಿಲ್ಲ. ಅವನು ಹೆಚ್ಚೇನೂ ಕೇಳಲಿಲ್ಲ. ಗಂಜಿ ಕುಡಿಸಿದ, ಕಾಲು ಒತ್ತಿದ, ಪಕ್ಕಕ್ಕೆ ಕೂತ. ಐದನೆಯ ದಿನ ಮುಂಜಾನೆ ಅಜ್ಜ ತಾವೇ ಸುಣ್ಣದ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟರು.

"ಒರಸಿದ ಜಾಗಕ್ಕ ಮತ್ತ ಹಚ್ಚಿ ಹೋಗು. ಊರವರನ್ನ ಕರದು ತೋರಿಸಿ ಹೋಗು. ಮುಂದ ಬರೂ ಗಾಡಿಯವಗೂ ಹೇಳು."

"ಹೂಂ ರಿ."

ಯಮನಪ್ಪ ಪಾದ ಮುಟ್ಟಿದ. ಮುಟ್ಟಿದವನು ತಲೆ ಎತ್ತಲಿಲ್ಲ. ಪಾದದ ಮೇಲೆ ಹಣೆ ಇಟ್ಟುಕೊಂಡೇ ಕೇಳಿದ.

"ಅಜ್ಜಾರ, ನೀವು ಹೋದ ಮ್ಯಾಲ ನಾ ಏನು ತಗೊಂಡು ಇಲ್ಲಿಗೆ ಬರ್ಲಿ?"

ಇದಕ್ಕೆ ಅಜ್ಜ ಕೊಟ್ಟ ಉತ್ತರ ಹೇಳುವ ಮೊದಲು ಮೌಲಾಸಾಬ ಟ್ಯೂಬನ್ನು ಕೆಳಗಿಟ್ಟು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದ. ಅದನ್ನೇ ನಿಮ್ಮಿಂದ ನಾನೂ ಕೇಳಿಕೊಳ್ಳುತ್ತೇನೆ. ಈ ಕಥೆಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಡಿರಿ. ಇಂಜಿನ್ ಚಾಲೂ ಇಟ್ಟು ಬಾಗಿಲಲ್ಲಿ ನಿಂತವರು ಯಾರಾದರೂ ಸಿಕ್ಕರೆ ಮೊದಲು ಅವರಿಗೆ ಹೇಳಿರಿ. ಹೇಳುವಾಗ ಅಜ್ಜನ ಈ ಮಾತಿಗೆ ನಿಲ್ಲಿಸಿರಿ, ನಿಮ್ಮದೊಂದು ಮಾತು ಸೇರಿಸಬೇಡಿರಿ.

ಅಜ್ಜ ಅವನ ತಲೆಯ ಮೇಲೆ ಕೈ ಇಟ್ಟು ಹೇಳಿದರು:

"ಗಾಡಿ ಸೇತುವಿ ಆಚಿ ನಿಲ್ಲಿಸು. ಈಚಿಗೆ ನಡಕೊಂತ ಬಾ."